ಐನೂರು ರೂಪಾಯಿ ಮಾತ್ರ



"ಎಲ್ಲಾ ಫೋನಿನಲ್ಲೇ ಆಗ್ತದೆ, ಈ ವಯಸ್ಸಲ್ಲಿ ಬರೆಯೋದು ಯಾಕಮ್ಮಾ?" ಅಂತ ಮಕ್ಕಳು ನಗ್ತಾರೆ. ಫೋನು ಬೇಕು. ನಾವೂ ಇಟ್ಟುಕೊಂಡಿದ್ದೇವೆ.

ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಕಷ್ಟಪಟ್ಟು ಸಹಿ ಕಲಿತೆವು. ಈಗ ಆಧಾರ್ ಯಂತ್ರ ಬಂದು ಮತ್ತೆ ಬೆರಳನ್ನೇ ಕೇಳುತ್ತದೆ! ಕಳೆ ಕಿತ್ತು, ಪಾತ್ರೆ ತಿಕ್ಕಿ ನಮ್ಮ ಬೆರಳಿನ ಗೆರೆ ಸವೆದಿದೆ. ಎಷ್ಟೋ ಸಲ ಯಂತ್ರ ಗುರುತು ಹಿಡಿಯೋದಿಲ್ಲ. ಆಗ ಬ್ಯಾಂಕಿಗೆ ಹೋಗಿ ಚೀಟಿ ಬರೆಯಬೇಕು.

ನಮ್ಮ ಸಂಘದಲ್ಲಿ ಸಹಿ ಮಾತ್ರ ಕಲಿತಿದ್ದರು. ಉಳಿದದ್ದು ಬರೆಯಲು ಬಾರದು. ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟರು. ಎರಡು ವರ್ಷದ ಉಳಿತಾಯ ಹೋಯಿತು.

ಅಂಕಿ ಒಂದೇ ಸಾಲದು. 500ರ ಕೊನೆಗೆ ಸೊನ್ನೆ ಸೇರಿಸಿದರೆ 5000. ಅದಕ್ಕೇ ಅಕ್ಷರದಲ್ಲೂ ಬರೀರಿ: 'ಐನೂರು ರೂಪಾಯಿ ಮಾತ್ರ'. ಚೆಕ್ಕಿನಲ್ಲಿ ಅಂಕಿ, ಅಕ್ಷರ ಬೇರೆ ಬೇರೆ ಇದ್ದರೆ ಅಕ್ಷರದ್ದೇ ಲೆಕ್ಕ. 1881ರ ಕಾನೂನಿನಲ್ಲೇ ಹಾಗಿದೆ. 'ಮಾತ್ರ' ಆದ ಮೇಲೆ ಜಾಗ ಉಳಿದರೆ ಗೆರೆ ಎಳೆಯಿರಿ. ಸಹಿ ಕೊನೆಗೆ.

ಸ್ಲೇಟು ತೆಗೆಯಿರಿ. ಇವತ್ತು ಐನೂರು ಬರೆಯೋಣ. ನಾಳೆ ಸಾವಿರ.