ಅಲಾರಂ ಗಂಟೆಯನ್ನು ಎಷ್ಟು ನಂಬಬಹುದು?

ಹಿಂದೆ ನಮ್ಮ ಊರುಗಳಲ್ಲಿ ರಾತ್ರಿಯ ಕಾವಲು ತಳವಾರನದಾಗಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದುವು. ತಳವಾರನು ಕೂಗುತ್ತಲೂ ಇದ್ದ, ಕೂಗಿದ ಕಡೆಗೆ ಓಡಿಯೂ ಹೋಗುತ್ತಿದ್ದ. ಇಂದು ಪಾವಗಡದ ಅಂಗಡಿಗೋ ಮನೆಗೋ ನೀವು ಹಾಕಿಸುವ ಅಲಾರಂ ಕೂಗಬಲ್ಲುದು, ಅಷ್ಟೇ. ಓಡಿ ಬರುವವರು ಬೇರೆ ಯಾರಾದರೂ ಇರಬೇಕು.

ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ನಡೆದುದನ್ನು ನೋಡಿ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ನುಗ್ಗಿದವರು ಬಾಗಿಲಿನ ತಂಟೆಗೆ ಹೋಗಲಿಲ್ಲ. ಕಿಟಕಿಯ ಸರಳು ಕತ್ತರಿಸಿ ಒಳಹೊಕ್ಕು, ಅಲಾರಮ್ಮನ್ನೂ ಕ್ಯಾಮೆರಾಗಳನ್ನೂ ನಿಷ್ಕ್ರಿಯಗೊಳಿಸಿ, ಚಿತ್ರಗಳನ್ನು ಕೂಡಿಡುವ ಪೆಟ್ಟಿಗೆಯನ್ನೇ ಹೊತ್ತೊಯ್ದರು. ಹೋದ ಚಿನ್ನ 17 ಕಿಲೋಗೂ ಮೇಲು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೋ ಹೋಯಿತು. ಅಲ್ಲಿ ಬಂಧಿತರಾದವರಲ್ಲಿ ಆ ಶಾಖೆಯ ಹಿಂದಿನ ಮ್ಯಾನೇಜರೂ ಒಬ್ಬರು. ಜನ ಕಷ್ಟಕಾಲದಲ್ಲಿ ಅಡವಿಟ್ಟ ಒಡವೆಗಳವು. ಎರಡೂ ನಡೆದದ್ದು ನಾಲ್ಕನೆಯ ಶನಿವಾರ, ಭಾನುವಾರಗಳ ಜೋಡಿ ರಜೆಯಲ್ಲಿ. ಬ್ಯಾಂಕಿನ ಗತಿಯೇ ಹೀಗಾದರೆ ಮನೆಯ ಮಾತೇನು?

ಬಾಗಿಲಿಗೆ ಹಾಕುವ ಸಾಧನ ಒಂದು ಅಯಸ್ಕಾಂತದ ತುಂಡು, ಒಂದು ಸ್ವಿಚ್ಚು. ಬಾಗಿಲು ಸರಿದರೆ ಅದಕ್ಕೆ ತಿಳಿಯುತ್ತದೆ. ಗೋಡೆಗೆ ಕನ್ನ ಕೊರೆದರೆ, ಹೆಂಚು ಸರಿಸಿದರೆ ತಿಳಿಯದು. ಕೋಣೆಯ ಮೂಲೆಯಲ್ಲಿ ಕೂರುವ ಇನ್ನೊಂದು ಸಾಧನ ಮೈಶಾಖವನ್ನು ಗುರುತಿಸುವಂಥದು. ಸುತ್ತಲಿನ ಬಿಸಿಗೂ ಮನುಷ್ಯನ ಮೈಬಿಸಿಗೂ ಇರುವ ಅಂತರವೇ ಅದರ ಕಣ್ಣು. ನಮ್ಮ ಏಪ್ರಿಲ್, ಮೇ ತಿಂಗಳ ಹಗಲುಗಳಲ್ಲಿ ಬೀಗ ಹಾಕಿದ ತಾರಸಿ ಮನೆಯ ಒಳಗಿನ ಬಿಸಿಯೇ 35 ಡಿಗ್ರಿ ದಾಟಿದರೆ ಆ ಅಂತರ ಅಳಿಸಿದಂತಾಗಿ, ಕಳ್ಳ ಎದುರಿಗೆ ನಡೆದರೂ ಅದು ಸುಮ್ಮನಿರಬಹುದು. ಹಲ್ಲಿಯೊಂದು ಅದರ ಮುಖದ ಮೇಲೆ ಹರಿದಾಡಿದರೆ ಮಾತ್ರ ಬೀದಿಯೆಲ್ಲ ಏಳುವಂತೆ ಅರಚುತ್ತದೆ! ಹಲ್ಲಿಯ ಶಕುನ ಕೇಳುವವರು ಕಡಿಮೆಯಾದರೂ ಹಲ್ಲಿಯ ಮಹಿಮೆ ಕಡಿಮೆಯಾಗಿಲ್ಲ. ಹೀಗೆ ನಾಲ್ಕು ಬಾರಿ ಸುಳ್ಳು ಕೂಗಿದರೆ ಐದನೆಯ ಬಾರಿ ನೆರೆಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಸುಳ್ಳು ಕೂಗನ್ನು ಸಣ್ಣ ತೊಂದರೆಯೆಂದು ಎಣಿಸಬೇಡಿ. ನನ್ನ ದೃಷ್ಟಿಯಲ್ಲಿ ಅಲಾರಂ ಕೆಡುವುದಕ್ಕಿಂತ ಅದರ ಮಾತು ಕೆಡುವುದು ಹೆಚ್ಚಿನ ನಷ್ಟ. ಧೂಳು, ಜೇಡರ ಬಲೆಗಳನ್ನು ಆಗಾಗ ಒರೆಸಿ. ಪರದೆ, ಫ್ಯಾನುಗಳಿಗೆ ಎದುರಾಗಿ ಅದನ್ನು ಇಡಿಸಬೇಡಿ.

ಕರೆಂಟು ಹೋದಾಗ ಅಲಾರಮ್ಮಿಗೆ ಆಧಾರ ಒಳಗಿನ ಬ್ಯಾಟರಿ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುವ ಈ ಬ್ಯಾಟರಿ ಸೆಕೆಯಲ್ಲಿ ಬೇಗ ಸೊರಗುತ್ತದೆ. ದೀಪ ಹಸಿರಾಗಿ ಉರಿಯುತ್ತಿದೆಯೆಂದು ನೆಚ್ಚಿಕೊಳ್ಳದೆ, ತಿಂಗಳಿಗೊಮ್ಮೆ ಮೈನ್ ಸ್ವಿಚ್ ಆರಿಸಿ, ಅದು ಗಟ್ಟಿಯಾಗಿ ಕೂಗುವುದೋ ನೋಡಿ. ಫೋನಿಗೆ ಕರೆ ಮಾಡುವ ಬಗೆಯದಾದರೆ ಅದರೊಳಗಿನ ಸಿಮ್ಮಿನ ರೀಚಾರ್ಜು ಮುಗಿದಿಲ್ಲವಷ್ಟೆ? ಕೆಲಸದವರೊಬ್ಬರು ಬಿಟ್ಟುಹೋದ ದಿನವೇ ಗುಪ್ತಸಂಖ್ಯೆಯನ್ನು ಬದಲಿಸಿ.

ಕೊನೆಗೆ, ನಮ್ಮ ತಾಲ್ಲೂಕಿಗೇ ವಿಶೇಷವಾದ ಒಂದು ಮಾತು. ಪಾವಗಡದ ಸುತ್ತ ಬಹುಪಾಲು ಆಂಧ್ರದ ಗಡಿ. ಮದುವೆಗೆಂದು ಹಿಂದೂಪುರಕ್ಕೋ ಕಲ್ಯಾಣದುರ್ಗಕ್ಕೋ ಹೋಗಿರುವಾಗ ನಿಮ್ಮ ಅಲಾರಂ ಫೋನಿಗೆ ಸುದ್ದಿ ಕಳಿಸಿತೆನ್ನಿ. ಗಾಬರಿಯಲ್ಲಿ 112 ಒತ್ತುತ್ತೀರಿ. ನೀವಿರುವುದು ಆಂಧ್ರದಲ್ಲಾದ್ದರಿಂದ ಕರೆ ಸೇರುವುದು ಆಂಧ್ರದ ಕೇಂದ್ರವನ್ನು. ಆದುದರಿಂದ ಪಾವಗಡ ಪೊಲೀಸ್ ಠಾಣೆಯ ನೇರ ಸಂಖ್ಯೆಯನ್ನೂ, ಎದುರುಮನೆಯವರ ಸಂಖ್ಯೆಯನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಊರು ಬಿಡುವ ಮುನ್ನ ಎದುರುಮನೆಯವರಿಗೆ ಒಂದು ಮಾತು ಹೇಳಿ ಹೊರಡಿ.