ಸಾಂಕ್ರಾಮಿಕ ಕಾಲದಲ್ಲಿ ಗ್ರಂಥಪಾಲರ ಕೆಲಸ
(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗ್ರಂಥಪಾಲನೆಂದರೆ ಪುಸ್ತಕದ ಬೀರುವಿನ ಬೀಗದ ಕೈ ಕಾಯುವವನು ಎಂಬ ಭಾವನೆ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ. ಕಾಲೇಜಿನ ಪುಸ್ತಕಭಂಡಾರದಲ್ಲಿ ಬಹುಕಾಲ ದುಡಿದ ನಮ್ಮನ್ನು ಈ ವೇದಿಕೆಗೆ ಕರೆದಾಗ, ಮಕ್ಕಳಿಗೆ ಹೇಳತಕ್ಕ ಸಂಗತಿ ನಮ್ಮಲ್ಲೇನಿದೆ ಎಂಬ ಸಂಕೋಚವೇ ಮೊದಲು ಉಂಟಾಯಿತು. ಆದರೆ 2020ರಲ್ಲಿ ಕೋವಿಡ್ ಮಹಾವ್ಯಾಧಿ ಜಗತ್ತನ್ನು ಆವರಿಸಿದಾಗ, ಬಾಗಿಲು ಮುಚ್ಚಿದ ಪುಸ್ತಕಭಂಡಾರಗಳವರು ಮಾಡಿದ ಕೆಲಸವನ್ನು ನೆನೆದರೆ ಹೇಳಬೇಕಾದುದು ಇದ್ದೇ ಇದೆ ಎಂದು ತೋರಿತು.

ಆ ವರ್ಷ ಜನವರಿ 30ರಂದು ಭಾರತದ ಮೊದಲ ಸೋಂಕು ತೃಶ್ಶೂರಿನಲ್ಲಿ ಪತ್ತೆಯಾಯಿತು. ನಾಲ್ಕೈದು ದಿನಗಳೊಳಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿಯೂ ಒಬ್ಬರಲ್ಲಿ ಕಂಡುಬಂದಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಮನೆಯೊಳಗೆ ಕುಳಿತಿತು. ತಲಪಾಡಿಯ ರಸ್ತೆ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜನ ಪಟ್ಟ ಪಾಡನ್ನು ಇಲ್ಲಿರುವ ಹಿರಿಯರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ರೋಗಕ್ಕಿಂತ ಮೊದಲೇ ಮನೆಮನೆಯನ್ನು ಹೊಕ್ಕುದು ಸುದ್ದಿ. ಬೆಳ್ಳುಳ್ಳಿ ತಿಂದರೆ ಸೋಂಕು ತಟ್ಟದಂತೆ, ಬಿಸಿಲಿನಲ್ಲಿ ನಿಂತರೆ ಸಾಯುವುದಂತೆ, ಹೀಗೆ ಅಂತೆಕಂತೆಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದುವು. ರೋಗದೊಡನೆ ಸುಳ್ಳುಸುದ್ದಿಯ ಪಿಡುಗನ್ನೂ ಎದುರಿಸಬೇಕಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಫೆಬ್ರವರಿ ತಿಂಗಳಲ್ಲಿಯೇ ಎಚ್ಚರಿಸಿದ್ದರು. ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿತ್ತು. ಸುಳ್ಳು ಅಚ್ಚಗನ್ನಡದಲ್ಲಿ ಬರುತ್ತಿತ್ತು. ನಿಜವಾದ ತಿಳುವಳಿಕೆಪತ್ರವು ಅನೇಕ ವೇಳೆ ನಮ್ಮ ಅಜ್ಜಿಯಂದಿರು ಓದಲಾರದ ಲಿಪಿಯಲ್ಲಿ ಬರುತ್ತಿತ್ತು.

ಕರಾಚಿ ಮತ್ತು ನೈರೋಬಿಗಳಲ್ಲಿ ಆಗಾ ಖಾನ್ ವಿಶ್ವವಿದ್ಯಾಲಯದ ಗ್ರಂಥಪಾಲರಾದ ಮುಹಮ್ಮದ್ ಯೂಸುಫ್ ಅಲಿ ಮತ್ತು ಪೀಟರ್ ಗಟಿಟಿ ಎಂಬಿಬ್ಬರು ಆ ವರ್ಷವೇ ಒಂದು ಪುಟ್ಟ ಲೇಖನವನ್ನು ಬರೆದರು. ಜನರಿಗೆ ರೋಗ ತಡೆಯುವ ತಿಳುವಳಿಕೆಯನ್ನು ತಲಪಿಸುವುದು, ಸಂಶೋಧಕರಿಗೆ ಬೇಕಾದ ಬರೆಹಗಳನ್ನು ಹುಡುಕಿಕೊಡುವುದು, ಎಂದಿನ ಓದುಗರನ್ನು ಕೈಬಿಡದಿರುವುದು ಗ್ರಂಥಪಾಲರ ಕರ್ತವ್ಯವೆಂದು ಅವರ ಅಭಿಪ್ರಾಯ. ಕೊನೆಯದನ್ನು ಅನೇಕರು ಚೆನ್ನಾಗಿಯೇ ನಡೆಸಿದರು. ಅಮೆರಿಕದ ವಿಶ್ವವಿದ್ಯಾಲಯಗಳ ಹಾಥಿಟ್ರಸ್ಟ್ ಎಂಬ ಕೂಟವು ಮಾರ್ಚ್ 31ರಂದೇ, ಬೀಗ ಬಿದ್ದ ಭಂಡಾರಗಳ ಪುಸ್ತಕಗಳನ್ನು ಅವುಗಳ ವಿದ್ಯಾರ್ಥಿಗಳು ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಓದುವಂತೆ ಏರ್ಪಾಡು ಮಾಡಿತು. ಆದರೆ ಮೊದಲನೆಯದು, ಎಂದರೆ ಜನಕ್ಕೆ ತಿಳಿಯಹೇಳುವುದು, ಎಣಿಸಿದಷ್ಟು ಸುಲಭವಲ್ಲ. ನಾವು ಎಡವಿದುದೂ ಅಲ್ಲಿಯೇ.

2020ರ ಮೇ 22ರಂದು ಲ್ಯಾನ್ಸೆಟ್ ಎಂಬ ಪ್ರಖ್ಯಾತ ವೈದ್ಯಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. 671 ಆಸ್ಪತ್ರೆಗಳ 96,000 ರೋಗಿಗಳ ವಿವರವನ್ನು ನೋಡಿದುದಾಗಿಯೂ, ಮಲೇರಿಯಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧವನ್ನು ಪಡೆದವರಲ್ಲಿ ಸಾವು ಹೆಚ್ಚೆಂದೂ ಅದರಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯೇ ಆ ಔಷಧದ ಪರೀಕ್ಷೆಯನ್ನು ಕೆಲವು ದಿನ ತಡೆಹಿಡಿಯಿತು. ದೊಡ್ಡ ಪತ್ರಿಕೆ, ದೊಡ್ಡ ಅಂಕಿ. ನಾವು ಮರುಯೋಚನೆಯಿಲ್ಲದೆ ಅದರ ಸಾರವನ್ನು ಕನ್ನಡದಲ್ಲಿ ಬರೆದು ವಿದ್ಯಾರ್ಥಿಗಳಿಗೆ ಕಳುಹಿಸಿದೆವು. ಜೂನ್ 4ರಂದು ಆ ಲೇಖನವನ್ನೇ ಹಿಂತೆಗೆದುಕೊಳ್ಳಲಾಯಿತು. ಅಂಕಿ ಒದಗಿಸಿದ ಸಂಸ್ಥೆಯು ಮೂಲ ದಾಖಲೆಗಳನ್ನು ತನಿಖೆಗೆ ಒಪ್ಪಿಸಲಿಲ್ಲವಾಗಿ, ಲೇಖಕರಲ್ಲಿ ಮೂವರು ಅದಕ್ಕೆ ತಾವು ಹೊಣೆಯಾಗಲಾರೆವೆಂದರು. ಆ ಔಷಧದಿಂದ ಕೋವಿಡ್ ಗುಣವಾಗದೆಂದು ಬೇರೆ ಪರೀಕ್ಷೆಗಳಿಂದ ಮುಂದೆ ತಿಳಿಯಬಂದಿತು, ನಿಜ; ಆದರೂ ನಾವು ಕಳುಹಿಸಿದ ಕಾಗದ ಆಧಾರವಿಲ್ಲದ್ದೇ. ಎರಡು ದಿನ ಸುಮ್ಮನಿದ್ದೆವು. ತಪ್ಪನ್ನು ಒಪ್ಪಿದರೆ ಮುಂದೆ ನಮ್ಮ ಮಾತನ್ನು ಯಾರು ನಂಬಿಯಾರು ಎಂಬ ಅಂಜಿಕೆ! ಕಡೆಗೆ, ಹಿಂದೆ ಕಳುಹಿಸಿದುದನ್ನು ನಂಬಬೇಡಿರೆಂದೂ ಏಕೆಂದೂ ಬರೆದು ಅದೇ ವಿದ್ಯಾರ್ಥಿಗಳಿಗೆ ಕಳುಹಿಸಿದೆವು. ಆಶ್ಚರ್ಯವೆಂದರೆ, ಅಂದಿನಿಂದ ಪ್ರಶ್ನೆ ಕೇಳಿ ಬರೆಯುವವರು ಹೆಚ್ಚಿದರು.

ಪುಸ್ತಕದಿಂದಲೇ ರೋಗ ಹರಡೀತೆಂಬ ಭಯ ಹೊಸದಲ್ಲ. ಸೋಂಕುರೋಗಿಗಳು ಗ್ರಂಥಾಲಯದ ಪುಸ್ತಕವನ್ನು ಎರವಲು ಪಡೆಯಬಾರದೆಂದು ಇಂಗ್ಲೆಂಡಿನಲ್ಲಿ 1907ರಲ್ಲಿಯೇ ಕಾನೂನಿತ್ತು. 2020ರಲ್ಲಿ ಅಮೆರಿಕದ ಗ್ರಂಥಾಲಯ ಸಂಸ್ಥೆಗಳು ಪ್ರಯೋಗಶಾಲೆಯೊಂದರಲ್ಲಿ ಇದನ್ನು ಪರೀಕ್ಷೆ ಮಾಡಿಸಿದುವು. ಬಿಡಿಬಿಡಿಯಾಗಿಟ್ಟ ಪುಸ್ತಕದ ಮೇಲೆ ಮೂರು ದಿನಗಳ ತರುವಾಯ ವೈರಾಣು ಸಿಗಲಿಲ್ಲ. ಒಂದರಮೇಲೊಂದು ಪೇರಿಸಿಟ್ಟುವುಗಳ ಮೇಲೆ ಆರು ದಿನವಾದರೂ ಇದ್ದಿತು. ನಾವೋ, ಹಿಂತಿರುಗಿ ಬಂದ ಪುಸ್ತಕಗಳನ್ನು ಹಗ್ಗದಿಂದ ಬಿಗಿದು ಮೂಲೆಯಲ್ಲಿ ಪೇರಿಸಿ, ಬಲು ಜಾಗರೂಕರೆಂದು ಬೀಗುತ್ತಿದ್ದೆವು! ಮರುವರ್ಷ, ವಸ್ತುಗಳನ್ನು ಮುಟ್ಟುವುದರಿಂದ ಸೋಂಕು ತಗಲುವ ಸಂಭವ ಬಹಳ ಕಡಿಮೆ, ಮುಖ್ಯವಾಗಿ ಅದು ಉಸಿರಿನ ಮೂಲಕ ಹರಡುವುದೆಂದು ಸ್ಪಷ್ಟವಾಯಿತು. ಆಗ ಹಗ್ಗವನ್ನು ಬಿಚ್ಚಿ, ಕಿಟಕಿಗಳನ್ನು ತೆರೆದೆವು.

ವಿದ್ವಾಂಸರು ಮಾತು ಬದಲಿಸುತ್ತಲೇ ಇದ್ದಾರಲ್ಲ, ಯಾರನ್ನು ನಂಬೋಣವೆಂದು ಪೋಷಕರೊಬ್ಬರು ನಮ್ಮನ್ನು ಕೇಳಿದುದುಂಟು. ನ್ಯಾಯವಾದ ಪ್ರಶ್ನೆಯೇ. ಬೆಳ್ಳುಳ್ಳಿಯ ಸುದ್ದಿಗೆ ತಾರೀಖಿರಲಿಲ್ಲ, ಹೇಳಿದವರ ಹೆಸರಿರಲಿಲ್ಲ, ಅದು ಒಮ್ಮೆಯೂ ತನ್ನ ಮಾತನ್ನು ತಿದ್ದಿಕೊಳ್ಳಲಿಲ್ಲ. ಪುಸ್ತಕದ ಪರೀಕ್ಷೆಗೆ ಇವೆಲ್ಲವೂ ಇದ್ದುವು. ಈ ಭೇದವನ್ನು ತೋರಿಸಿಕೊಡುವುದೇ ಆ ದಿನಗಳಲ್ಲಿ ನಮ್ಮ ಕೆಲಸವಾಯಿತು. ಯಾರು ಹೇಳಿದರು, ಎಂದು ಹೇಳಿದರು, ಹೇಗೆ ತಿಳಿದರು, ಮತ್ತೊಬ್ಬರು ಪರಿಶೀಲಿಸಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿದೆವು.

ಆ ಹಾಳೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಗೆ ಅವಳ ಅಣ್ಣನಿಂದ ಸಿಕ್ಕಿತು. ಕನ್ನಡ, ಮಲಯಾಳ, ಇಂಗ್ಲಿಷು ಮೂರನ್ನೂ ಓದಬಲ್ಲವರು ಆ ಮನೆಯಲ್ಲಿ ಅವಳೊಬ್ಬಳೇ. 2021ರಲ್ಲಿ ಲಸಿಕೆ ಬಂದಾಗ, ಚುಚ್ಚಿಸಿಕೊಂಡರೆ ಎರಡು ವರ್ಷದಲ್ಲಿ ಸಾಯುವರೆಂಬ ಸುದ್ದಿಯನ್ನು ಕೇಳಿ ಅವಳ ಅಜ್ಜಿ ಹಟಹಿಡಿದು ಕುಳಿತಿದ್ದರು. ಹುಡುಗಿ ವಾದಿಸಲಿಲ್ಲ. ಆರೋಗ್ಯ ಇಲಾಖೆಯ ಪತ್ರವನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು, ಜ್ವರ ಬರಬಹುದು, ತೋಳು ನೋಯಬಹುದು ಎಂಬುದನ್ನೂ ಮುಚ್ಚಿಡದೆ, ಮೂರು ಸಂಜೆ ಓದಿಹೇಳಿದಳು. ನಾಲ್ಕನೆಯ ದಿನ ಅಜ್ಜಿ ತಾವಾಗಿಯೇ ಕೊಡೆಯನ್ನು ತೆಗೆದುಕೊಂಡು, “ಬಾ ಮಗಾ, ಹೋಗಿ ಬರುವ” ಎಂದರಂತೆ. ಆ ಹಾಳೆಯನ್ನು ಕೇಳಿ ಪಡೆದು, ನಮ್ಮ ಭಂಡಾರದ ಕಡತದಲ್ಲಿ ಇರಿಸಿಕೊಂಡಿದ್ದೇವೆ.