ಶುದ್ಧ ಶಕ್ತಿ ಮತ್ತು ವಲಸೆ ಬಂದವರ ಮಕ್ಕಳು

(ಬೆಳೆಗಾರ ಸದಸ್ಯರ ಮೇಳಾವದಲ್ಲಿ, ಗೋವೆಯ ಸಡಾದಿಂದ ಆಗಮಿಸಿದ್ದ ಸ್ವತಂತ್ರ ಪತ್ರಕರ್ತೆಯೊಬ್ಬರು ಮಾಡಿದ ಭಾಷಣ)



ಗೊಬ್ಬರದ ಪ್ರಮಾಣ, ಸಕ್ಕರೆಯ ಇಳುವರಿ, ಕಬ್ಬಿನ ಬಿಲ್ಲು ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿಯೇ ಕುಳಿತಿದ್ದಾರೆ. ನಾನು ನನ್ನ ಕಸುಬಿನ ಮಾತು ಹೇಳುತ್ತೇನೆ. ನಾನು ಯಾವ ಪತ್ರಿಕೆಯ ನೌಕರಳೂ ಅಲ್ಲ. ಬಿಡಿ ಲೇಖನ ಬರೆದು, ಅಚ್ಚಾದುದಕ್ಕೆ ಸಂಭಾವನೆ ಪಡೆಯುವವಳು. ನಿಮ್ಮ ಹೊಲಕ್ಕೆ ಬರುವ ಟೋಳಿಯವರಿಗೆ ಕಡಿದಷ್ಟಕ್ಕೆ ಕೂಲಿ, ನನಗೆ ಬರೆದಷ್ಟಕ್ಕೆ. ನಾನು ಹೆಚ್ಚಾಗಿ ಬರೆಯುವ ವಿಷಯಗಳು ಮೂರು. ಶುದ್ಧ ಶಕ್ತಿ, ಮಕ್ಕಳ ಯೋಗಕ್ಷೇಮ, ಊರು ಬಿಟ್ಟು ಬಂದ ಜನ.

ಪತ್ರಿಕೆಗಳಲ್ಲಿ ಈ ಮೂರಕ್ಕೂ ಬೇರೆ ಬೇರೆ ಪುಟ. ವಿದ್ಯುತ್ತಿನ ಸುದ್ದಿ ವಾಣಿಜ್ಯ ಪುಟಕ್ಕೆ ಹೋಗುತ್ತದೆ. ಮಕ್ಕಳ ಆರೋಗ್ಯ ಭಾನುವಾರದ ಪುರವಣಿಗೆ. ವಲಸೆ ಬಂದವರ ಸುದ್ದಿ ಬಹುಪಾಲು ಅಪರಾಧದ ಪುಟಕ್ಕೆ! ಆದರೆ ನಾನಿರುವ ಸಡಾದಲ್ಲಿ ಈ ಮೂರೂ ಸುದ್ದಿ ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇರುತ್ತವೆ.

ಸಡಾ ಎಂದರೆ ಕೊಂಕಣಿ, ಮರಾಠಿಗಳಲ್ಲಿ ಗುಡ್ಡದ ಮೇಲಿನ ಸಪಾಟಾದ ಕಲ್ಲುನೆಲ. ವಾಸ್ಕೋ ಪಟ್ಟಣದ ಪಶ್ಚಿಮಕ್ಕೆ, ಝುವಾರಿ ನದಿ ಸಮುದ್ರ ಸೇರುವಲ್ಲಿ ಚಾಚಿಕೊಂಡಿರುವ ಗುಡ್ಡ ಅದು. ಕೆಳಗೆ ಮುರಗಾಂವ ಬಂದರು. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಬಂದರು ಬೆಳೆಯಿತು, ಕಬ್ಬಿಣದ ಅದಿರಿನ ರಫ್ತು ಹೆಚ್ಚಿತು. ಅದನ್ನು ಹೊರಲು, ರಸ್ತೆ ಮಾಡಲು, ಮನೆ ಕಟ್ಟಲು ಘಟ್ಟದ ಮೇಲಿನಿಂದ ಜನ ಇಳಿದರು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯವರು. ಸಡಾ, ಬಾಯ್ನಾ, ಝುವಾರಿನಗರದ ಓಣಿಗಳಲ್ಲಿ ಇಂದಿಗೂ ನಮ್ಮ ಕಡೆಯ ಕನ್ನಡ ಕೇಳುತ್ತದೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಅಲ್ಲಿ ಸಿಟ್ಟು ಬಂದಾಗ ಇವರನ್ನು 'ಘಾಂಟಿ' ಎನ್ನುತ್ತಾರೆ. ಘಟ್ಟದವನು ಎಂದಷ್ಟೇ ಅದರ ಮೂಲ ಅರ್ಥ. ಆದರೆ ಆಡುವ ಧ್ವನಿಯಲ್ಲಿ ಬೇರೆಯದೇ ಅರ್ಥವಿರುತ್ತದೆ.

ಅದಿರು ಹೊರಗೆ ಹೋಗುತ್ತಿದ್ದ ಬಂದರಿಗೆ ಕಲ್ಲಿದ್ದಲು ಒಳಗೆ ಬರತೊಡಗಿತು. 2012ರಲ್ಲಿ ಗೋವೆಯ ಗಣಿಗಾರಿಕೆ ನಿಂತ ಮೇಲಂತೂ ಬಂದರಿಗೆ ಅದರ ಮೇಲಿನ ಆಸರೆ ಹೆಚ್ಚಾಯಿತು. ಆಸ್ಟ್ರೇಲಿಯಾ ಮುಂತಾದ ದೇಶಗಳಿಂದ ಹಡಗಿನಲ್ಲಿ ಬರುವ ಈ ಕಲ್ಲಿದ್ದಲು ಗೋವೆಯಲ್ಲಿ ಉರಿಯುವುದಕ್ಕಲ್ಲ. ಹಿಂದೆ ಮುಂದೆ ಎಂಜಿನ್ ಹಚ್ಚಿಕೊಂಡ ಗೂಡ್ಸ್ ಗಾಡಿಗಳಲ್ಲಿ ಅದು ದೂಧಸಾಗರದ ಪಕ್ಕದಲ್ಲಿ ಘಟ್ಟ ಹತ್ತಿ, ಕ್ಯಾಸಲ್ ರಾಕ್, ಲೋಂಡಾ, ಹುಬ್ಬಳ್ಳಿ ದಾಟಿ ಬಳ್ಳಾರಿ ಕಡೆಯ ಉಕ್ಕಿನ ಕುಲುಮೆಗಳಿಗೆ ಹೋಗುತ್ತದೆ. ಅಂದರೆ ಕೆಲಸಕ್ಕಾಗಿ ನಮ್ಮ ಜನ ಯಾವ ದಾರಿಯಲ್ಲಿ ಇಳಿದರೋ, ಅದೇ ದಾರಿಯಲ್ಲಿ ಕಲ್ಲಿದ್ದಲು ಹತ್ತಿ ಬರುತ್ತದೆ. ನಡುವೆ ಉದುರುವ ಧೂಳು ಮಾತ್ರ ಅಲ್ಲಿಯೇ ಉಳಿಯುತ್ತದೆ.

ಬೆಳಿಗ್ಗೆ ಒರೆಸಿದ ನೆಲದ ಮೇಲೆ ಸಂಜೆ ಮಗು ಅಂಬೆಗಾಲಿಟ್ಟರೆ ಅಂಗೈ ಕಪ್ಪಾಗುತ್ತದೆ. ತುಳಸಿ ಎಲೆ ತೊಳೆದು ದೇವರಿಗೆ ಏರಿಸಬೇಕು. ಇದು ಕಣ್ಣಿಗೆ ಕಾಣುವ ಧೂಳು. ಇದಕ್ಕಿಂತ ಕಾಣದ ಧೂಳು ಕೆಟ್ಟದ್ದು. ಕೂದಲೆಳೆಯ ದಪ್ಪದ ಸಣ್ಣ ಪಾಲಿನಷ್ಟಿರುವ ಕಣಗಳು ಮೂಗಿನಲ್ಲಿ ನಿಲ್ಲದೆ ಪುಪ್ಪುಸದ ತಳಕ್ಕೆ ಇಳಿಯುತ್ತವೆ. ಇಂಥ ಅತಿಸೂಕ್ಷ್ಮ ಕಣಗಳು ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ದೊಡ್ಡವರಿಗಿಂತ ಮಕ್ಕಳು ಬೇಗ ಬೇಗ ಉಸಿರಾಡುತ್ತಾರೆ. ಮೈತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿ ಒಳಗೆ ಎಳೆದುಕೊಳ್ಳುತ್ತಾರೆ. ಅವರ ಪುಪ್ಪುಸ ಇನ್ನೂ ಬೆಳೆಯುತ್ತಿರುತ್ತದೆ. ಸಸಿಯಲ್ಲಿ ಸೊರಗಿದ ಕಬ್ಬು ಮುಂದೆ ಎಷ್ಟು ನೀರು ಕೊಟ್ಟರೂ ಪೂರ್ತಿ ತೂಕಕ್ಕೆ ಬಾರದೆಂಬುದು ತಮಗೆ ನಾನು ಹೇಳಬೇಕಾದುದಲ್ಲ.

2017ರಲ್ಲಿ ಬಂದರಿನ ವಿಸ್ತರಣೆಯ ಬಗ್ಗೆ ವಾಸ್ಕೋದಲ್ಲಿ ಸಾರ್ವಜನಿಕ ಅಹವಾಲು ದಿನಗಟ್ಟಲೆ ನಡೆಯಿತು. ಮೀನುಗಾರರು, ವೈದ್ಯರು, ಊರಿನ ಹಿರಿಯರು ಎದ್ದು ಗಟ್ಟಿಯಾಗಿ ಮಾತನಾಡಿದರು. ನಮ್ಮವರಿಗೆ ಎದ್ದು ನಿಲ್ಲುವುದು ಅಷ್ಟು ಸುಲಭವಲ್ಲ. ಕಾರಣವೂ ಇದೆ. 2004ರ ಜೂನ್ ತಿಂಗಳ ಮಳೆಯಲ್ಲಿ ಬಾಯ್ನಾ ಕಡಲತೀರದ ಮನೆಗಳನ್ನು ಕೆಡವಿದ್ದು ಅವರ ನೆನಪಿನಲ್ಲಿದೆ. ಮನೆಯ ಕಾಗದ ಗಟ್ಟಿಯಿಲ್ಲದವನು ಧೂಳಿನ ಬಗ್ಗೆ ದೂರು ಕೊಡಲು ಹಿಂಜರಿಯುತ್ತಾನೆ. ನೀನು ಎಲ್ಲಿಯವನು ಎಂಬುದು ಅವನಿಗೆ ಬರುವ ಮೊದಲ ಪ್ರಶ್ನೆ. ಮಗುವಿನ ಕೆಮ್ಮಿಗೆ ಊರು ಯಾವುದು?

ಬಂಧುಗಳೇ, ಇಷ್ಟು ದೂರದ ಕಥೆ ನಮಗೇಕೆ ಎಂದು ತಾವು ಕೇಳಬಹುದು. ಶುದ್ಧ ಶಕ್ತಿಯ ಬಗ್ಗೆ ಬರೆಯುವವರೆಲ್ಲ ಈಗ ಕಲ್ಲಿದ್ದಲಿಗೆ ಬದಲಾಗಿ ನಿಮ್ಮ ಕಡೆ ಕೈ ತೋರಿಸುತ್ತಾರೆ. ನಾನೂ ತೋರಿಸಿದ್ದೇನೆ. ಒಂದು ಟನ್ ಕಬ್ಬು ನುರಿಸಿದರೆ ಸುಮಾರು 280ರಿಂದ 300 ಕಿಲೋ ಬಗ್ಯಾಸ್ ಸಿಗುತ್ತದೆ. ಅದನ್ನು ಉರಿಸಿ ಕಾರ್ಖಾನೆ ತನ್ನ ಯಂತ್ರಗಳನ್ನು ನಡೆಸಿ, ಉಳಿದ ವಿದ್ಯುತ್ತನ್ನು ಮಾರಬಹುದು. ಉರಿಯುವಾಗ ಹೊರಬಿದ್ದ ಇಂಗಾಲವನ್ನು ಮುಂದಿನ ಬೆಳೆ ಮತ್ತೆ ಹೀರಿಕೊಳ್ಳುತ್ತದೆ. ನೆಲದಡಿಯ ಕಲ್ಲಿದ್ದಲಿಗೆ ಆ ಗುಣವಿಲ್ಲ. (ಹಂಗಾಮು ಮುಗಿದು ಬಗ್ಯಾಸ್ ತೀರಿದ ಮೇಲೆ ಕಲ್ಲಿದ್ದಲನ್ನೇ ಉರಿಸುವ ಘಟಕಗಳೂ ಇವೆ. ಅವು ಆಗಲೂ ಶುದ್ಧ ಶಕ್ತಿಯ ಫಲಕವನ್ನು ತೆಗೆಯುವುದಿಲ್ಲ.)

ಆದರೆ ಈ ಬಗ್ಯಾಸನ್ನು ಗಾಣದವರೆಗೆ ತಂದವರು ಯಾರು? ಮುಕದ್ದಮನ ಮುಂಗಡ ಪಡೆದು, ಗಂಡ ಹೆಂಡತಿ ಒಂದು ಕೋಯ್ತಾ ಎಂದು ಲೆಕ್ಕಕ್ಕೆ ಹಿಡಿಯಲ್ಪಟ್ಟು, ಬೀಡ ಕಡೆಯಿಂದಲೋ ನಮ್ಮದೇ ಬರದ ತಾಲ್ಲೂಕುಗಳಿಂದಲೋ ಬಂದವರು. ಅವರ ಮಕ್ಕಳು ಜೊತೆಗೇ ಬಂದಿರುತ್ತಾರೆ. ಕೆಲವು ಗುಡಿಸಲುಗಳು ಬಗ್ಯಾಸ್ ರಾಶಿಯ ಗಾಳಿಗೆ ಎದುರಾಗಿಯೇ ಇರುತ್ತವೆ. ಹಳೆಯದಾಗಿ ಬೂಸು ಹಿಡಿದ ಬಗ್ಯಾಸಿನ ಧೂಳಿನಿಂದ ಪುಪ್ಪುಸದ ರೋಗ ಬರುತ್ತದೆ. ವೈದ್ಯರು ಅದಕ್ಕೆ ಬಗ್ಯಾಸೋಸಿಸ್ ಎಂದೇ ಹೆಸರಿಟ್ಟಿದ್ದಾರೆ. ಇನ್ನು ಕೆಲವು ಗುಡಿಸಲುಗಳು ನಿಮ್ಮ ಹೊಲದ ಬದುವಿನಲ್ಲಿ. ಕಟಾವಿನ ನಂತರ ನೀವು ರವದಿಗೆ ಬೆಂಕಿ ಹಚ್ಚಿದಾಗ ಮೊದಲ ಹೊಗೆ ಆ ಗುಡಿಸಲಿಗೆ. ಎಕರೆಗೆ ಮೂರು ನಾಲ್ಕು ಟನ್ ರವದಿ ಸಾಲುಗಳಲ್ಲಿ ಕೊಳೆತರೆ ಕುಳೆ ಬೆಳೆಗೆ ತೇವ ಉಳಿಯುತ್ತದೆ, ಮಣ್ಣಿಗೆ ಸತ್ವ ಸೇರುತ್ತದೆ ಎಂದು ನಿಮ್ಮ ಕೃಷಿ ಅಧಿಕಾರಿಗಳು ಅನೇಕ ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಆ ಮಾತಿಗೆ ಇದೊಂದು ಕಾರಣವನ್ನೂ ಸೇರಿಸಿಕೊಳ್ಳಿ.

ಯಾವುದಾದರೂ ಕಾರ್ಖಾನೆಯ ವಾರ್ಷಿಕ ವರದಿ ತೆರೆದು ನೋಡಿ. ವಿದ್ಯುತ್ ಮಾರಾಟ ಆದಾಯದ ಪುಟದಲ್ಲಿದೆ. ಟೋಳಿಯವರು ಕಟಾವು-ಸಾಗಾಣಿಕೆ ವೆಚ್ಚದ ಸಾಲಿನಲ್ಲಿದ್ದಾರೆ. ಅವರ ಮಕ್ಕಳಿಗೆ ಪುಟವೇ ಇಲ್ಲ. ಪತ್ರಿಕೆಗಳ ಹಾಗೆಯೇ ಆಯಿತಲ್ಲವೇ?

ಮಾಡಲಾಗದ ಕೆಲಸವೇನಲ್ಲ ಇದು. ಮಹಾರಾಷ್ಟ್ರದಲ್ಲಿ ಕಾರ್ಖಾನೆಗಳ ಆವರಣದಲ್ಲಿ ಸಾಖರ ಶಾಳೆಗಳು ನಡೆದಿವೆ. ಕರ್ನಾಟಕದಲ್ಲಿ ಟೆಂಟ್ ಶಾಲೆಗಳು ನಡೆದಿವೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ದಾಖಲೆಪತ್ರ ಇಲ್ಲವೆಂದು ಶಾಲೆ ಹೊರಗಿಡುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಹೀಗಿರುವಾಗ ಉಳಿಯುವ ಪ್ರಶ್ನೆ ಒಂದೇ. ಹಂಗಾಮಿನಲ್ಲಿ ಈ ಕಾರ್ಯಕ್ಷೇತ್ರಕ್ಕೆ ಎಷ್ಟು ಮಕ್ಕಳು ಬಂದಿದ್ದಾರೆ, ಯಾವ ಹೊಲದ ಬದಿಯಲ್ಲಿದ್ದಾರೆ ಎಂಬುದು ಯಾರ ಪುಸ್ತಕದಲ್ಲಿದೆ?

ದೀಪಾವಳಿ ಹೊತ್ತಿಗೆ ಟೋಳಿಗಳು ಬರುತ್ತವೆ. ಕೃಷಿ ವಿಭಾಗದ ಗುಮಾಸ್ತರು ಮುಕದ್ದಮನ ಹೆಸರು, ಕೋಯ್ತಾಗಳ ಸಂಖ್ಯೆ, ಗಾಡಿಯ ನಂಬರು ಬರೆದುಕೊಳ್ಳುತ್ತಾರೆ. ಅದೇ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದು ಮಗುವಿನ ಹೆಸರು, ವಯಸ್ಸು, ಊರಿನಲ್ಲಿ ಓದುತ್ತಿದ್ದ ಇಯತ್ತೆ, ಹತ್ತಿರದ ಶಾಲೆ ಇಷ್ಟನ್ನು ಬರೆಸಬೇಕೆಂದು ಸದಸ್ಯರಾದ ತಾವು ಠರಾವು ಮಾಡಬಹುದು. ಆ ಗೆರೆ ಎಳೆಯಲು ಬೇಕಾಗುವುದು ಒಂದು ಪಟ್ಟಿ ಮತ್ತು ಒಂದು ಪೆನ್ಸಿಲು.